ಸಾಲ ತೀರಿಸಿಕೊಡುವ ಕಂಪೆನಿ: ಸಹಿ ಹಾಕುವ ಮೊದಲು ಏನೇನು ಕೇಳಬೇಕು?

"ನಿಮ್ಮ ಬ್ಯಾಂಕ್ ಸಾಲ ಎಷ್ಟೇ ಇರಲಿ, ಅರ್ಧಕ್ಕೆ ತೀರಿಸಿ ಕೊಡುತ್ತೇವೆ. ಬ್ಯಾಂಕಿನವರು ಫೋನ್ ಮಾಡಿದರೆ ನಮ್ಮ ನಂಬರ್ ಕೊಟ್ಟುಬಿಡಿ." ಈ ಮಾತು ಈಗ ಪೇಟೆಯ ಗೋಡೆಯಲ್ಲಿದೆ, ಕರಪತ್ರದಲ್ಲಿದೆ, ಎಲ್ಲಕ್ಕಿಂತ ಹೆಚ್ಚಾಗಿ ಕಿಸೆಯ ಮೊಬೈಲಿನಲ್ಲಿದೆ. ಅಡಿಕೆಗೆ ಕೊಳೆ ಬಂದ ವರ್ಷ, ಶುಂಠಿ ರೇಟು ಬಿದ್ದ ವರ್ಷ, ಬೋರ್‌ವೆಲ್ ಬತ್ತಿದ ವರ್ಷ ಇಂಥ ಮಾತು ಕಿವಿಗೆ ಬಹಳ ಹಿತ. ಸುಸ್ತಿಯಾದವನಿಗೆ ಬ್ಯಾಂಕಿನ ಮೆಟ್ಟಿಲು ಹತ್ತುವುದೇ ಒಂದು ನಾಚಿಕೆ. ಆ ನಾಚಿಕೆಯೇ ಇವರ ಬಂಡವಾಳ.

ಹಾಗಂತ ಈ ಕೆಲಸ ಮಾಡುವವರೆಲ್ಲ ಮೋಸಗಾರರೆಂದು ಹೇಳಲಾಗದು. ನಮ್ಮ ಪರವಾಗಿ ಬ್ಯಾಂಕಿಗೆ ಅರ್ಜಿ ಬರೆದು, ಮಾತಾಡಿ, ಅದಕ್ಕೆ ಫೀಸು ಪಡೆಯುವುದು ಕಾನೂನು ವಿರೋಧಿ ಕೆಲಸವಲ್ಲ. ಪ್ರಶ್ನೆ ಇರುವುದು ಎದುರಿಗೆ ಕುಳಿತವನು ಯಾವ ಜಾತಿಯವನೆಂದು ತಿಳಿಯುವುದು ಹೇಗೆ ಎಂಬಲ್ಲಿ.

ಮೊದಲು ತಿಳಿಯಬೇಕಾದದ್ದು

ನಮ್ಮ ದೇಶದಲ್ಲಿ ಬ್ಯಾಂಕಿಗೆ ರಿಸರ್ವ್ ಬ್ಯಾಂಕಿನ ಲೈಸೆನ್ಸ್ ಬೇಕು. ಸಾಲ ಕೊಡುವ ಫೈನಾನ್ಸ್ ಕಂಪೆನಿಗೆ ಅಲ್ಲಿನ ನೋಂದಣಿ ಬೇಕು. ಬ್ಯಾಂಕಿನ ಕೆಟ್ಟ ಸಾಲಗಳನ್ನು ಕೊಂಡುಕೊಳ್ಳುವ ಆಸ್ತಿ ಪುನಾರಚನೆ ಕಂಪೆನಿಗಳಿಗೂ ಬೇಕು. ಆದರೆ 'ಸಾಲ ತೀರಿಸಿಕೊಡುವ ಕಂಪೆನಿ' ಎಂದು ರಿಸರ್ವ್ ಬ್ಯಾಂಕು ಯಾರಿಗೂ ಲೈಸೆನ್ಸ್ ಕೊಡುವುದಿಲ್ಲ. ಅಂಥ ಲೈಸೆನ್ಸೇ ಇಲ್ಲ. ಹಾಗಾಗಿ "ನಾವು ಆರ್‌ಬಿಐ ಅಪ್ರೂವ್ಡ್" ಎಂದು ಯಾರಾದರೂ ಹೇಳಿದರೆ ಉಳಿದ ಪರೀಕ್ಷೆ ಬೇಕಾಗಿಲ್ಲ. ಚಹಾ ಕೊಟ್ಟು ಕಳಿಸಿ.

2023ರ ಡಿಸೆಂಬರ್ 11ರಂದು ರಿಸರ್ವ್ ಬ್ಯಾಂಕೇ ಒಂದು ಎಚ್ಚರಿಕೆ ಪ್ರಕಟಣೆ ಹೊರಡಿಸಿತ್ತು. ಸಾಲಮನ್ನಾ ಆಮಿಷದ ಜಾಹೀರಾತು ಹಾಕಿ, ಸೇವಾ ಶುಲ್ಕ, ಕಾನೂನು ಶುಲ್ಕ ಎಂದು ವಸೂಲು ಮಾಡಿ, ಯಾವ ಅಧಿಕಾರವೂ ಇಲ್ಲದೆ 'ಸಾಲಮನ್ನಾ ಸರ್ಟಿಫಿಕೇಟ್' ಕೊಡುವವರಿದ್ದಾರೆ, ಇಂಥವರು ಕಂಡರೆ ಪೊಲೀಸರಿಗೆ ತಿಳಿಸಿ ಎಂದು. ಆ ಸರ್ಟಿಫಿಕೇಟಿನಲ್ಲಿ ಎಷ್ಟು ಸೀಲು ಇದ್ದರೂ ನಮ್ಮ ಸಾಲದ ಖಾತೆಯಿಂದ ಒಂದು ರೂಪಾಯಿ ಇಳಿಯುವುದಿಲ್ಲ. ಸಾಲ ಇಳಿಸುವ ಅಧಿಕಾರ ಇರುವುದು ಸಾಲ ಕೊಟ್ಟವರಿಗೆ, ಇಲ್ಲವೇ ಸರಕಾರದ ಆದೇಶಕ್ಕೆ.

ಸರಕಾರದ ಮನ್ನಾ ಹೇಗಿರುತ್ತದೆಂದು ನಾವು ನೋಡಿದವರೇ. 2008ರ ಕೇಂದ್ರದ ಯೋಜನೆಯಲ್ಲಿ 5 ಎಕರೆವರೆಗಿನ ರೈತರಿಗೆ ಅರ್ಹ ಸಾಲ ಪೂರ್ತಿ ಮನ್ನಾ. ಹೆಚ್ಚು ಜಮೀನಿದ್ದವರು ಮುಕ್ಕಾಲು ಭಾಗ ಕಟ್ಟಿದರೆ ಕಾಲು ಭಾಗ ಬಿಟ್ಟರು. 2018ರಲ್ಲಿ ನಮ್ಮ ರಾಜ್ಯದ ಮನ್ನಾ ಬಂತು. ಎರಡೂ ಸಲ ಪಟ್ಟಿ ಬಂದದ್ದು ಬ್ಯಾಂಕಿನಲ್ಲಿ, ಸೊಸೈಟಿಯಲ್ಲಿ. ಮನ್ನಾ ಮಾಡಿಸಲು ಯಾವ ಕಂಪೆನಿಗೂ ಫೀಸು ಕೊಡಬೇಕಾಗಿರಲಿಲ್ಲ.

ಕಾಯ್ದೆಯ ಹೆಸರು ಹೇಳುವವರು

ಈಚೆಗೆ ಬರೇ ಮಾತಲ್ಲ, ಕಾಯ್ದೆಯ ಹೆಸರನ್ನೂ ಹೇಳುತ್ತಾರೆ. ಎರಡು ಕಾಯ್ದೆಗಳ ಬಗ್ಗೆ ಸರಿಯಾಗಿ ತಿಳಿದಿರುವುದು ಒಳ್ಳೆಯದು.

ಒಂದು, ಕರ್ನಾಟಕ ಋಣ ಪರಿಹಾರ ಕಾಯ್ದೆ. ಇದು 2019ರ ಜುಲೈಯಲ್ಲಿ ಜಾರಿಗೆ ಬಂತು. ಸಣ್ಣ ರೈತರು, ಭೂಹೀನ ಕೂಲಿಗಳು ಖಾಸಗಿಯವರಿಂದ ಮಾಡಿದ ಕೈಸಾಲ, ಅಡವು ಸಾಲಕ್ಕೆ ಸಂಬಂಧಿಸಿದ್ದು. ಬ್ಯಾಂಕ್, ಸಹಕಾರಿ ಸಾಲಕ್ಕೆ ಅಲ್ಲ. ಉಪವಿಭಾಗಾಧಿಕಾರಿಗೆ ಅರ್ಜಿ ಕೊಡಲು 90 ದಿನದ ಗಡುವಿತ್ತು. ಆ ಗಡುವು ಅದೇ ವರ್ಷ ಮುಗಿಯಿತು. ಈಗ ಅದರ ಹೆಸರಲ್ಲಿ ಅರ್ಜಿ ತುಂಬಿಸಿ ದುಡ್ಡು ಕೇಳಿದರೆ ಅದು ಮುಗಿದ ಜಾತ್ರೆಯಲ್ಲಿ ಅಂಗಡಿ ಹಾಕಿದ ಹಾಗೆ.

ಇನ್ನೊಂದು, 2025ರ ಮೈಕ್ರೋ ಫೈನಾನ್ಸ್ ಕಿರುಕುಳ ತಡೆ ಕಾಯ್ದೆ. ಫೆಬ್ರವರಿಯಲ್ಲಿ ಸುಗ್ರೀವಾಜ್ಞೆಯಾಗಿ ಬಂದದ್ದು. ಬಲಾತ್ಕಾರದ ವಸೂಲಿಗೆ 10 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ ಇದೆ. ಲೈಸೆನ್ಸ್, ನೋಂದಣಿ ಇಲ್ಲದವರು ದುರ್ಬಲ ವರ್ಗದವರಿಗೆ ಮೊದಲು ಕೊಟ್ಟ ಸಾಲ ತೀರಿತೆಂದೂ ಅದು ಹೇಳುತ್ತದೆ. ಈ ಕೊನೆಯ ಮಾತನ್ನು ಹಿಡಿದು "ಮೈಕ್ರೋ ಸಾಲ ಎಲ್ಲ ಮನ್ನಾ, ಕಟ್ಟಬೇಡಿ" ಎನ್ನುವವರಿದ್ದಾರೆ. ರಿಸರ್ವ್ ಬ್ಯಾಂಕಿನಲ್ಲಿ ನೋಂದಣಿಯಾದ ಕಂಪೆನಿಯ ಸಾಲಕ್ಕೆ ಅದು ಅನ್ವಯಿಸುವುದಿಲ್ಲ. ಸಂಘದ ಹೆಂಗಸರಿಗೆ ಇದನ್ನು ಬಿಡಿಸಿ ಹೇಳುವ ಅಗತ್ಯ ಇದೆ.

ಕೇಳಬೇಕಾದ ಪ್ರಶ್ನೆಗಳು

ಕಂಪೆನಿಯ ಹೆಸರು, ನೋಂದಣಿ ಸಂಖ್ಯೆ, ಕಚೇರಿಯ ಪೂರ್ತಿ ವಿಳಾಸ ಬರೆದು ಕೊಡಲು ಹೇಳಿ. ನೋಂದಾಯಿತ ಕಂಪೆನಿಗೆ 21 ಅಕ್ಷರ-ಅಂಕಿಗಳ ಒಂದು ಗುರುತು ಸಂಖ್ಯೆ ಇರುತ್ತದೆ. ಸಿಐಎನ್ ಅನ್ನುತ್ತಾರೆ. ಅದರ 7 ಮತ್ತು 8ನೇ ಸ್ಥಾನ ರಾಜ್ಯದ್ದು, ಕರ್ನಾಟಕದ್ದಾದರೆ 'ಕೆಎ'. 9ರಿಂದ 12 ಕಂಪೆನಿ ಹುಟ್ಟಿದ ವರ್ಷ. "25 ವರ್ಷದ ಅನುಭವ" ಎಂದು ಕರಪತ್ರದಲ್ಲಿ ಇದ್ದು, ಸಂಖ್ಯೆಯಲ್ಲಿ 2024 ಎಂದಿದ್ದರೆ ಉಳಿದ ವರ್ಷ ಎಲ್ಲಿದ್ದರೆಂದು ಕೇಳಬಹುದು. ಕೇಂದ್ರದ ಕಂಪೆನಿ ವ್ಯವಹಾರಗಳ ಸಚಿವಾಲಯದ ವೆಬ್‌ಸೈಟಿನಲ್ಲಿ ಹೆಸರು ಹಾಕಿದರೆ ಕಂಪೆನಿ ಜೀವಂತ ಇದೆಯೋ ಇಲ್ಲವೋ ತಿಳಿಯುತ್ತದೆ. ಕಾಲೇಜಿಗೆ ಹೋಗುವ ಮಗಳಿಗೋ ಮಗನಿಗೋ ಐದು ನಿಮಿಷದ ಕೆಲಸ.

ಆದರೆ ನೆನಪಿಡಿ, ಕಂಪೆನಿ ಇದೆ ಎಂಬುದಷ್ಟೇ ಇದರಿಂದ ಗೊತ್ತಾಗುವುದು. ಅದು ಯೋಗ್ಯ ಎಂದಲ್ಲ. ಜಿಎಸ್‌ಟಿ ನಂಬರ್, ಉದ್ಯಮ ನೋಂದಣಿ, ಐಎಸ್‌ಒ ಪ್ರಮಾಣಪತ್ರ ಎಲ್ಲದರ ಕಥೆಯೂ ಅಷ್ಟೇ. ಗೋಡೆಯಲ್ಲಿ ಚೌಕಟ್ಟು ಹಾಕಿ ತೂಗಿಸಿದರೆ ಚಂದ ಕಾಣುತ್ತದೆ.

"ನಮ್ಮಲ್ಲಿ ವಕೀಲರಿದ್ದಾರೆ" ಎಂದರೆ ವಕೀಲರ ಹೆಸರು ಮತ್ತು ಬಾರ್ ಕೌನ್ಸಿಲ್ ನೋಂದಣಿ ಸಂಖ್ಯೆ ಕೇಳಿ. ನಿಮ್ಮ ತಾಲೂಕಿನ ವಕೀಲರ ಸಂಘದಲ್ಲಿ ವಿಚಾರಿಸಿ. ವಕೀಲರು ಗಿರಾಕಿ ಹಿಡಿಯಲು ಜಾಹೀರಾತು ಮಾಡುವಂತಿಲ್ಲ, ಕೇಸಿನಲ್ಲಿ ಗೆದ್ದದ್ದರಲ್ಲಿ ಇಂತಿಷ್ಟು ಪಾಲು ಎಂದು ಫೀಸು ಕರಾರು ಮಾಡುವಂತಿಲ್ಲ. ಬಾರ್ ಕೌನ್ಸಿಲಿನ ನಿಯಮಗಳೇ ಇವು.

ಎಲ್ಲಕ್ಕಿಂತ ದೊಡ್ಡ ಪ್ರಶ್ನೆ: "ಬ್ಯಾಂಕ್ ಮೆನೇಜರರ ಎದುರು ನನ್ನನ್ನು ಕೂರಿಸಿಕೊಂಡು ಮಾತಾಡುತ್ತೀರಾ?" ನಿಜವಾಗಿ ಕೆಲಸ ಮಾಡುವವನು ಹೂಂ ಅನ್ನುತ್ತಾನೆ. "ನೀವು ಬ್ಯಾಂಕಿಗೆ ಹೋಗುವುದೇ ಬೇಡ ಮಾರಾಯ್ರೆ, ನಿಮ್ಮನ್ನು ನೋಡಿದರೆ ಅವರು ರೇಟು ಏರಿಸ್ತಾರೆ" ಎಂದವನನ್ನು ನಂಬಬಾರದು.

ಗ್ಯಾರಂಟಿ ಕೊಟ್ಟರೂ ಅಷ್ಟೇ. ಒಂದಾವರ್ತಿ ತೀರುವಳಿ, ಅಂದರೆ ಓಟಿಎಸ್, ಸಾಲಗಾರನ ಹಕ್ಕಲ್ಲ ಎಂದು 2021ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಸ್ಪಷ್ಟವಾಗಿ ಹೇಳಿದೆ. ಕೊಡುವುದು ಬಿಡುವುದು ಬ್ಯಾಂಕಿನ ನಿರ್ಧಾರ. ಹಾಗಿರುವಾಗ ಮೂರನೆಯವ ಗ್ಯಾರಂಟಿ ಕೊಡುವುದು ಎಲ್ಲಿಂದ?

"ಕಂತು ಕಟ್ಟುವುದು ನಿಲ್ಲಿಸಿ"

ಇದು ಇವರ ಸಲಹೆಯಲ್ಲಿ ಅತಿ ಅಪಾಯದ್ದು. ಸಾಲ ಸುಸ್ತಿಯಾದರಷ್ಟೇ ಬ್ಯಾಂಕು ರಾಜಿಗೆ ಬರುತ್ತದೆ, ಆದ್ದರಿಂದ ಕಟ್ಟಬೇಡಿ, ಆ ದುಡ್ಡನ್ನು ತಿಂಗಳು ತಿಂಗಳು ನಮ್ಮಲ್ಲಿ ಇಡಿ ಎನ್ನುತ್ತಾರೆ. ಪೇಟೆಯ ಕ್ರೆಡಿಟ್ ಕಾರ್ಡಿನವರಿಗೆ ಹೇಳುವ ಮಂತ್ರವನ್ನೇ ನಮಗೂ ಹೇಳುವುದು. ಬೆಳೆಸಾಲದ ಲೆಕ್ಕವೇ ಬೇರೆ.

ಸಹಕಾರಿ ಸಂಘದ ಬಡ್ಡಿರಹಿತ ಬೆಳೆಸಾಲದ ಮಿತಿಯನ್ನು 2023-24ರ ರಾಜ್ಯ ಬಜೆಟಿನಲ್ಲಿ 3 ಲಕ್ಷದಿಂದ 5 ಲಕ್ಷಕ್ಕೆ ಏರಿಸಿದರು. ಈ ಸವಲತ್ತು ಗಡುವಿನೊಳಗೆ ಕಟ್ಟಿದವರಿಗೆ. ತಪ್ಪಿದರೆ ಬಡ್ಡಿ ನಮ್ಮ ತಲೆ ಮೇಲೆ. ಬ್ಯಾಂಕಿನ ಕಿಸಾನ್ ಕಾರ್ಡ್ ಸಾಲದಲ್ಲೂ ಸಕಾಲಕ್ಕೆ ಕಟ್ಟಿದವರಿಗೆ ಸಿಗುವ ಶೇ. 3ರ ರಿಯಾಯ್ತಿ ಹೋಗುತ್ತದೆ. ಟಿಲ್ಲರ್, ಪಿಕಪ್ ಸಾಲಕ್ಕೆ ಚೆಕ್ ಕೊಟ್ಟಿದ್ದರೆ ಚೆಕ್ ಬೌನ್ಸ್ ಕೇಸು ಬೇರೆ. ಚಿನ್ನದ ಸಾಲವಾದರೆ ಚಿನ್ನ ಹರಾಜಿಗೆ ಹೋಗುವುದನ್ನು ಯಾವ ಕಂಪೆನಿಯೂ ತಡೆಯಲಾರದು.

ಒಂದು ಲೆಕ್ಕ ಹಾಕಿ ನೋಡುವಾ. ಇದು ಊಹೆಯ ಉದಾಹರಣೆ, ಅಂಕಿಗಳು ನಿಮ್ಮಲ್ಲಿ ಬೇರೆ ಇರಬಹುದು. ಬಾಕಿ 4 ಲಕ್ಷ. ಬ್ಯಾಂಕು 2.80 ಲಕ್ಷಕ್ಕೆ ಒಪ್ಪಿತು ಅನ್ನಿ. ಉಳಿಕೆ 1.20 ಲಕ್ಷ. ಕಂಪೆನಿಗೆ ಪ್ರವೇಶ ಶುಲ್ಕ 20,000, ತಿಂಗಳಿಗೆ 3,000ದಂತೆ ವರ್ಷಕ್ಕೆ 36,000, ಉಳಿಕೆಯಲ್ಲಿ ಶೇ. 15 ಎಂದರೆ 18,000. ಒಟ್ಟು 74,000. ಅದರ ಮೇಲೆ ಶೇ. 18 ಜಿಎಸ್‌ಟಿ 13,320. ಅಲ್ಲಿಗೆ 87,320. ಕೈಯಲ್ಲಿ ಉಳಿದದ್ದು 32,680. ಕಟ್ಟದೆ ಕೂತ ಆ ಒಂದು ವರ್ಷದಲ್ಲಿ ಶೇ. 12ರಂತೆ ಏರಿದ ಬಡ್ಡಿ 48,000. ಬ್ಯಾಂಕು ಅದನ್ನೂ ಲೆಕ್ಕಕ್ಕೆ ಹಿಡಿದರೆ ನಮಗೆ ಉಳಿದದ್ದು ಏನೂ ಇಲ್ಲ, 15,320 ಕೈಯಿಂದಲೇ ಹೋಯಿತು. ಇದು ಕಂಪೆನಿ ಪ್ರಾಮಾಣಿಕವಾಗಿದ್ದರೆ!

ಕಾಗದಪತ್ರದ ವಿಷಯ ಇನ್ನೂ ಸೂಕ್ಷ್ಮ. ಖಾಲಿ ಚೆಕ್, ಸಹಿ ಹಾಕಿದ ಖಾಲಿ ಛಾಪಾಕಾಗದ, ಜಾಗದ ಮೂಲ ದಾಖಲೆ, ಜನರಲ್ ಪವರ್ ಆಫ್ ಅಟಾರ್ನಿ, ಮೊಬೈಲಿಗೆ ಬರುವ ಓಟಿಪಿ, ಇವುಗಳಲ್ಲಿ ಒಂದನ್ನೂ ಕೊಡಬಾರದು. ಬ್ಯಾಂಕಿನಲ್ಲಿ ಮಾತಾಡಲು ಒಂದು ಹಾಳೆಯ ಅಧಿಕಾರ ಪತ್ರ ಸಾಕು. ಜಾಗ ಮಾರುವ ಅಧಿಕಾರ ಯಾಕೆ ಬೇಕು?

ಹರಾಜಿನ ಹೆದರಿಕೆ ಹುಟ್ಟಿಸಿ ಸಹಿ ಹಾಕಿಸುವವರಿದ್ದಾರೆ. "ಸರ್ಫೇಸಿ ನೋಟೀಸು ಬಂದರೆ ವಾರದೊಳಗೆ ತೋಟ ಹೋಗ್ತದೆ" ಅಂತ. 2002ರ ಆ ಕಾಯ್ದೆಯಲ್ಲಿ ಮೊದಲ ನೋಟೀಸಿಗೇ 60 ದಿನದ ಅವಧಿ ಇದೆ. ಕೃಷಿಭೂಮಿಯ ಮೇಲಿನ ಅಡಮಾನಕ್ಕೆ ಆ ಕಾಯ್ದೆ ಅನ್ವಯಿಸುವುದಿಲ್ಲ ಎಂದು ಅದರ 31ನೇ ಕಲಮಿನಲ್ಲೇ ಇದೆ. ಜಾಗ ನಿಜಕ್ಕೂ ಕೃಷಿಯದ್ದೇ ಎಂಬುದನ್ನು ವಸ್ತುಸ್ಥಿತಿ ನೋಡಿ ತೀರ್ಮಾನಿಸಬೇಕೆಂದು 2018ರಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಪಹಣಿಯಲ್ಲಿ ಬೆಳೆ ಸರಿಯಾಗಿ ದಾಖಲಾಗಿದೆಯೇ ನೋಡಿಕೊಳ್ಳಿ. ಬ್ಯಾಂಕಿಗೆ ಕೋರ್ಟಿನ ದಾರಿ ಇದ್ದೇ ಇದೆ, ಆದರೆ ಅದು ವಾರದ ಕೆಲಸವಲ್ಲ. ನೋಟೀಸು ಬಂದ ದಿನವೇ ಊರಿನ ವಕೀಲರಿಗೆ ತೋರಿಸುವುದು ಸರಿಯಾದ ಕ್ರಮ.

ಫೀಸಿಲ್ಲದ ಬಾಗಿಲುಗಳು

ಮೊದಲ ಬಾಗಿಲು ಸಾಲ ಕೊಟ್ಟ ಶಾಖೆಯೇ. ರಾಜಿ ತೀರುವಳಿಗೆ ಆಡಳಿತ ಮಂಡಳಿ ಒಪ್ಪಿದ ನೀತಿ ಇರಲೇಬೇಕೆಂದು 2023ರ ಜೂನ್ 8ರಂದು ರಿಸರ್ವ್ ಬ್ಯಾಂಕು ಬ್ಯಾಂಕುಗಳಿಗೆ ಸುತ್ತೋಲೆ ಕಳಿಸಿದೆ. ಹಾಗಾಗಿ "ನಿಮ್ಮಲ್ಲಿ ಓಟಿಎಸ್ ಏನಿದೆ?" ಎಂದು ಕೇಳಲು ಸಂಕೋಚ ಬೇಡ. ಬೆಳೆ ಹಾಳಾದ ಕಾರಣ, ಮನೆಯ ಕಾಯಿಲೆ, ಈಗ ಎಷ್ಟು ಕಟ್ಟಬಹುದು, ಯಾವಾಗ ಎಂದು ಒಂದು ಪುಟದಲ್ಲಿ ಬರೆದು, ಎರಡನೇ ಪ್ರತಿಗೆ ಶಾಖೆಯ ಸೀಲು ಹಾಕಿಸಿಕೊಳ್ಳಿ. ಬಾಯಿ ಮಾತಿಗೆ ದಾಖಲೆ ಇಲ್ಲ. ತೀರುವಳಿಗೆ ಮೊದಲು ಅವಧಿ ವಿಸ್ತರಣೆ ಕೇಳಿ ನೋಡುವುದು ಜಾಣತನ, ಯಾಕೆಂದರೆ ರಾಜಿ ಮಾಡಿಕೊಂಡ ಸಾಲ ಸಿಬಿಲ್ ವರದಿಯಲ್ಲಿ 'ಸೆಟಲ್ಡ್' ಎಂದು ಬರುತ್ತದೆ, ಪೂರ್ತಿ ಕಟ್ಟಿದ ಹಾಗಲ್ಲ. ಮುಂದಿನ ಸಾಲಕ್ಕೆ ಎಷ್ಟು ಸಮಯ ಕಾಯಬೇಕೆಂದೂ ಶಾಖೆಯಲ್ಲೇ ಕೇಳಿಕೊಳ್ಳಿ. ಕಂಪೆನಿಯವರು ಈ ವಿಷಯ ಎತ್ತುವುದೇ ಇಲ್ಲ.

ಎರಡನೆಯದು ಲೋಕ ಅದಾಲತ್. ತಾಲೂಕು ಕೋರ್ಟಿನ ಆವರಣದಲ್ಲೇ ಕಾನೂನು ಸೇವಾ ಸಮಿತಿ ಇರುತ್ತದೆ. ಕೇಸು ಹಾಕುವ ಮೊದಲೇ ಸಾಲದ ವಿಷಯವನ್ನು ಅಲ್ಲಿಗೆ ತರಬಹುದು. ಶುಲ್ಕ ಇಲ್ಲ. ಆಗಲೇ ಕೋರ್ಟು ಫೀಸು ಕಟ್ಟಿದ್ದರೆ ವಾಪಸು ಸಿಗುತ್ತದೆ. ಆದರೆ ಅಲ್ಲಿನ ರಾಜಿಗೆ ಅಪೀಲು ಇಲ್ಲ, ಆದ್ದರಿಂದ ಕಂತಿನ ತಾರೀಕು ನಿಮ್ಮ ಫಸಲಿಗೆ ಹೊಂದುತ್ತದೆಯೇ ನೋಡಿಯೇ ಸಹಿ ಹಾಕಿ. ಅಡಿಕೆ ಕೊಯ್ಲಾಗದೆ ಜುಲೈಯಲ್ಲಿ ಕಟ್ಟುತ್ತೇನೆಂದು ಒಪ್ಪಿ ಬಂದರೆ ಏನು ಮಾಡುವುದು? ಉಚಿತ ಕಾನೂನು ಸಲಹೆಗೆ ಫೋನ್ 15100.

ಬ್ಯಾಂಕು ದೂರಿಗೆ 30 ದಿನದಲ್ಲಿ ಉತ್ತರ ಕೊಡದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್ ಇದ್ದಾರೆ, ಫೋನ್ 14448. ಪ್ರಾಥಮಿಕ ಸಹಕಾರಿ ಸಂಘದ ವಿಷಯವಾದರೆ ಸಹಕಾರ ಇಲಾಖೆಯ ಸಹಾಯಕ ನಿಬಂಧಕರ ಕಚೇರಿಗೆ ಹೋಗಬೇಕು.

ತೀರುವಳಿ ಯಾರ ಮೂಲಕವೇ ಆಗಲಿ, ದುಡ್ಡು ಹೋಗಬೇಕಾದ್ದು ನಿಮ್ಮ ಸಾಲದ ಖಾತೆಗೆ. ಕಂಪೆನಿಯ ಖಾತೆಗಲ್ಲ, ಏಜೆಂಟನ ಮೊಬೈಲ್ ನಂಬರಿಗಂತೂ ಅಲ್ಲವೇ ಅಲ್ಲ. ಮೊತ್ತ, ಗಡುವು ಇರುವ ಮಂಜೂರಾತಿ ಪತ್ರ ಬ್ಯಾಂಕಿನ ಹಾಳೆಯಲ್ಲಿ ಬಂದ ನಂತರವೇ ಕಟ್ಟಿ. ಕಟ್ಟಿದ ಮೇಲೆ ಬೇಬಾಕಿ ಪತ್ರ, ಅಡವಿಟ್ಟ ದಾಖಲೆ ವಾಪಸು ಪಡೆಯಿರಿ. ಪಹಣಿಯ 11ನೇ ಕಾಲಮಿನಲ್ಲಿ ಬ್ಯಾಂಕಿನ ಹೆಸರು ಹೋಗಿದೆಯೇ ನೋಡಿ. ಸಾಲ ತೀರಿಸಿ ವರ್ಷಗಟ್ಟಲೆ ಇದನ್ನು ನೋಡದೆ, ಜಾಗ ಪಾಲು ಮಾಡುವಾಗ ಪರದಾಡುವವರು ಬಹಳ.

ಈಗಾಗಲೇ ದುಡ್ಡು ಕೊಟ್ಟವರು ನಾಚಿಕೊಂಡು ಸುಮ್ಮನಿರಬೇಡಿ. ಆನ್‌ಲೈನ್ ಮೂಲಕ ಹೋದ ಹಣವಾದರೆ ತಡಮಾಡದೆ 1930ಕ್ಕೆ ಫೋನ್ ಮಾಡಿ, ಠಾಣೆಯಲ್ಲಿ ದೂರು ಕೊಡಿ. ಅಟಾರ್ನಿ ಬರೆದುಕೊಟ್ಟಿದ್ದರೆ ವಕೀಲರ ಮೂಲಕ ರದ್ದುಪಡಿಸಿ, ಬ್ಯಾಂಕಿಗೂ ಸಬ್ ರಿಜಿಸ್ಟ್ರಾರರಿಗೂ ಬರಹದಲ್ಲಿ ತಿಳಿಸಿ. ರಶೀದಿ ಕೊಟ್ಟು ಕೆಲಸ ಮಾಡದ ಕಂಪೆನಿಯ ಮೇಲೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಎರಡು ವರ್ಷದೊಳಗೆ ದೂರು ಕೊಡಬಹುದು. ನೀವು ಕೊಟ್ಟ ಫೀಸು 5 ಲಕ್ಷದೊಳಗಿದ್ದರೆ ಅಲ್ಲಿ ಶುಲ್ಕ ಇಲ್ಲ. ಕರಪತ್ರ, ರಶೀದಿ, ವಾಟ್ಸಪ್ಪಿನ ಮಾತುಕತೆ ಯಾವುದನ್ನೂ ಅಳಿಸದೆ ಇಟ್ಟುಕೊಂಡಿರಿ.