ಆಡಲು ಬರದಿದ್ದರೂ ಪರವಾಗಿಲ್ಲ, ಮೈದಾನಕ್ಕೆ ಬನ್ನಿ

"ಕಾಕಾ, ರವಿವಾರ ನಮ್ಮ ಮ್ಯಾಚ್ ಅದ. ಬರ್ತಿ ಏನ್?"

ಕಮಲಾಪುರದಿಂದ ಅಣ್ಣನ ಮಗಳ ಫೋನು. ಒಂಬತ್ತನೇ ಕ್ಲಾಸಿನ ಹುಡುಗಿ. ಕ್ರಿಕೆಟ್ ಇರಬೇಕು ಅಂದುಕೊಂಡೆ. "ಕ್ರಿಕೆಟ್ ಅಲ್ಲ, ಸಾಫ್ಟ್‌ಬಾಲ್. ಪಪ್ಪಾ ಬರಂಗಿಲ್ಲ, ನೀನರ ಬಾ" ಅಂದಳು.

ನಾನು ಕಲಬುರಗಿಯ ಮನೆಯಲ್ಲೇ ಕೂತು ಬೆಂಗಳೂರಿನ ಕಂಪನಿಗೆ ಕೆಲಸ ಮಾಡುವವನು. ಕೊನೆಯ ಸಲ ಮೈದಾನಕ್ಕೆ ಇಳಿದದ್ದು ಇಂಜಿನಿಯರಿಂಗ್ ಓದುವಾಗ. ಆ ರವಿವಾರ ಹುಮನಾಬಾದ್ ಕಡೆಯ ಬಸ್ ಹತ್ತಿ ಏಳಕ್ಕೆಲ್ಲ ಕಮಲಾಪುರ ಮುಟ್ಟಿದೆ. ನಮ್ಮ ಕಡೆಯ ಬಿಸಿಲು ಗೊತ್ತಲ್ಲ, ಒಂಬತ್ತರೊಳಗೆ ಆಟ ಮುಗಿಯಬೇಕು.

ಹೆಸರಲ್ಲೇ 'ಸಾಫ್ಟ್' ಇದೆಯಲ್ಲ ಅಂತ ಬರಿಗೈಯಲ್ಲಿ ಒಂದು ಚೆಂಡು ಹಿಡಿದೆ. ಅಂಗೈ ಉರಿದುಹೋಯಿತು! ಕ್ರಿಕೆಟ್ ಚೆಂಡು ಹೆಚ್ಚೆಂದರೆ 163 ಗ್ರಾಂ. ಇದು 178ರಿಂದ 198 ಗ್ರಾಂ, ಸುತ್ತಳತೆ 12 ಇಂಚು. 1887ರಲ್ಲಿ ಅಮೆರಿಕದ ಶಿಕಾಗೋದಲ್ಲಿ ಕೆಲವರು ಒಂದು ಬಾಕ್ಸಿಂಗ್ ಗ್ಲೌಸನ್ನು ಸುತ್ತಿ ಕಟ್ಟಿ, ಪೊರಕೆಯ ಕೋಲಿನಿಂದ ಹೊಡೆದು ಒಳಾಂಗಣದಲ್ಲಿ ಶುರುಮಾಡಿದ ಆಟವಂತೆ. ಅಂದಿನ ಚೆಂಡು ಮೆತ್ತಗಿತ್ತು, ಇಂದಿನದು ಹೆಸರಿಗಷ್ಟೇ ಮೆತ್ತಗೆ.

ಕ್ರಿಕೆಟ್ ಗೊತ್ತಿದ್ದವರಿಗೆ ಆಟ ಹತ್ತೇ ನಿಮಿಷದಲ್ಲಿ ತಲೆಗೆ ಹೋಗುತ್ತದೆ. ತಂಡಕ್ಕೆ 9 ಜನ, 7 ಇನಿಂಗ್ಸ್. ಚೆಂಡನ್ನು ಕೈ ಕೆಳಗಿನಿಂದಲೇ ಎಸೆಯಬೇಕು. ಹೊಡೆದ ಮೇಲೆ ಬ್ಯಾಟ್ ಅಲ್ಲೇ ಬಿಟ್ಟು ಓಡಬೇಕು. ಒಂದು ಬೇಸಿನಿಂದ ಇನ್ನೊಂದಕ್ಕೆ 60 ಅಡಿ. ಮೂರು ಬೇಸ್ ದಾಟಿ ಹೊರಟ ಜಾಗಕ್ಕೆ ಮರಳಿದರೆ ಒಂದು ರನ್. ಮೂವರು ಔಟಾದರೆ ಎದುರಿನವರ ಸರದಿ.

ಆಟಕ್ಕಿಂತ ನನ್ನನ್ನು ಕಾಡಿದ್ದು ಮೈದಾನದ ಅಂಚು. ಅಲ್ಲಿ ಕೂತಿದ್ದವರು ಇಬ್ಬರು ತಾಯಂದಿರು ಮತ್ತು ನಾನು, ಅಷ್ಟೇ. ತಂಡದಲ್ಲಿ ಸರಿಯಾಗಿ ಒಂಬತ್ತೇ ಹುಡುಗಿಯರು. ಒಬ್ಬಳು ಬಿಟ್ಟರೂ ತಂಡವೇ ಇಲ್ಲ.

ಊಟಕ್ಕೆ ಕೂತಾಗ ಅಣ್ಣ ಅಂದ: "ಹತ್ತನೇತ್ತಾಕ್ಕ ಹೋದ ಮ್ಯಾಲೆ ಸಾಕು. ಈ ಆಟ ಯಾರ್ ನೋಡ್ತಾರ?" ಹುಡುಗಿ ತಟ್ಟೆಯಿಂದ ತಲೆ ಎತ್ತಲಿಲ್ಲ. ಶಾಲಾ ರಾಷ್ಟ್ರೀಯ ಕ್ರೀಡಾಕೂಟದಲ್ಲೂ ಅಂತರ ವಿಶ್ವವಿದ್ಯಾಲಯ ಮಟ್ಟದಲ್ಲೂ ಸಾಫ್ಟ್‌ಬಾಲ್ ಇದೆ, 1996ರಿಂದ 2008ರವರೆಗೆ ಒಲಿಂಪಿಕ್ಸ್‌ನಲ್ಲಿತ್ತು, ಟೋಕಿಯೋದಲ್ಲಿ ಮತ್ತೆ ಬಂತು ಅಂತೆಲ್ಲ ಹೇಳಿದೆ. ಅಣ್ಣ ಒಪ್ಪಲಿಲ್ಲ. ಅವನ ಪ್ರಶ್ನೆ ಒಂದೇ: ಯಾರು ನೋಡ್ತಾರೆ?

ಸರಿ, ನಾನೇ ನೋಡ್ತೀನಿ ಅಂತ ಶುರುಮಾಡಿದೆ. ಎರಡನೇ ಸಲ ಸುಣ್ಣದ ಪುಡಿಯಿಂದ ಗೆರೆ ಹಾಕಿದೆ. ಮೂರನೇ ಸಲ ಪಿ.ಟಿ. ಸರ್ ಸ್ಕೋರ್ ಪುಸ್ತಕ ಕೈಗಿಟ್ಟರು. ಕೋಡ್‌ನಲ್ಲಿ ತಪ್ಪು ಹುಡುಕುವವನಿಗೆ ಸ್ಕೋರ್ ಬರೆಯುವ ಕೆಲಸ ಬಲು ಇಷ್ಟವಾಯಿತು. ಆಮೇಲೆ ಕಲಬುರಗಿಯಲ್ಲೂ ಐದಾರು ಗೆಳೆಯರು, ಅವರ ಮನೆಯವರು ಸೇರಿ ಬೆಳಿಗ್ಗೆ 'ಸ್ಲೋ ಪಿಚ್' ಆಡತೊಡಗಿದೆವು. ಚೆಂಡು ಕಮಾನಿನಂತೆ ನಿಧಾನ ಬರುವುದರಿಂದ ಹೊಸಬರಿಗೆ, ಹೊಟ್ಟೆ ಬಂದವರಿಗೆ ಹೇಳಿಮಾಡಿಸಿದ್ದು.

ನಿಮಗೂ ಮನಸ್ಸಿದ್ದರೆ ಹತ್ತಿರದ ಶಾಲೆಯ ದೈಹಿಕ ಶಿಕ್ಷಕರನ್ನೋ ಜಿಲ್ಲಾ ಕ್ರೀಡಾಂಗಣದಲ್ಲಿ ತರಬೇತಿ ಕೊಡುವವರನ್ನೋ ಕೇಳಿ. ಮೊದಲ ದಿನವೇ ಗ್ಲೌಸ್ ಕೊಳ್ಳಬೇಡಿ, ಯಾರದ್ದಾದರೂ ಹಾಕಿ ನೋಡಿ. ಬಲಗೈಯಲ್ಲಿ ಎಸೆಯುವವರಿಗೆ ಗ್ಲೌಸ್ ಎಡಗೈಗೆ ಬರುತ್ತದೆ. ಆಡಲು ಆಗದಿದ್ದರೆ ಗೆರೆ ಹಾಕಿ, ನೀರು ಒಯ್ಯಿರಿ, ಚಪ್ಪಾಳೆ ತಟ್ಟಿ. ಕ್ರಿಕೆಟ್‌ಗೆ ನೀವೊಬ್ಬರು ಹೋಗದಿದ್ದರೆ ಏನೂ ಆಗದು. ಇಲ್ಲಿ ಒಬ್ಬರು ಹೆಚ್ಚು ಬಂದರೂ ಹುಡುಗಿಯರಿಗೆ ಗೊತ್ತಾಗುತ್ತದೆ.

ಹೋದ ತಿಂಗಳು ಒಂದು ಮ್ಯಾಚಿಗೆ ಅಣ್ಣನೂ ಬಂದ. ಬೈಕಿನಿಂದ ಇಳಿಯದೆ ದೂರದಲ್ಲೇ ನಿಂತಿದ್ದ. ಮಗಳು ಮೂರನೇ ಬೇಸಿನಿಂದ ಜಾರುತ್ತ ಬಂದು ರನ್ ತಂದಾಗ ಬೈಕ್ ಸ್ಟ್ಯಾಂಡ್ ಹಾಕಿದ. ನಾವು ಸೋತೆವು, 6–9.

ವಾಪಸ್ ಬರುವಾಗ ಅವನು ಆಟದ ಮಾತೇ ಆಡಲಿಲ್ಲ. ಮನೆ ಹತ್ತಿರ ಬಂದ ಮೇಲೆ ಮಾತ್ರ ಕೇಳಿದ:

"ಆ ಗ್ಲೌಸ್ ಹರದದ ಅಲಾ? ಹೊಸಾದು ಎಷ್ಟಾಗ್ತದ?"