ಹಳೆಯ ಕಾರಿಗೆ ಯಾವ ಆಯಿಲ್?

ನಮ್ಮ ಮಲೆನಾಡಿನ ಬೆಳೆಗಾರರ ಮನೆಗಳಲ್ಲಿ ಹಳೆಯ ವಾಹನವೆಂದರೆ ಮನೆಯ ಹಿರಿಯರಿದ್ದಂತೆ. ಅಂಬಾಸಡರ್ ಕಾರಿನ ತಯಾರಿಕೆ 2014ರಲ್ಲಿ ನಿಂತಿತು. ಮಾರುತಿ 800 ಕೂಡ ಅದೇ ವರ್ಷ ನಿಂತಿತು. ಪ್ರೀಮಿಯರ್ ಪದ್ಮಿನಿಯಂತೂ ಅದಕ್ಕಿಂತ ಹತ್ತು ವರ್ಷಕ್ಕೂ ಮೊದಲೇ ನಿಂತುಹೋಗಿದೆ. ಆದರೂ ಈ ಗಾಡಿಗಳೂ ಹಳೆಯ ಜೀಪುಗಳೂ ನಮ್ಮ ಷೆಡ್ಡುಗಳಲ್ಲಿ ಇನ್ನೂ ಉಳಿದಿವೆ. ಮಾರಿದರೆ ಬರುವ ಹಣ ಅಲ್ಪ, ಇಟ್ಟುಕೊಂಡರೆ ಆಗುವ ಕೆಲಸ ಬಹಳ ಎಂಬುದೇ ಇದಕ್ಕೆ ಕಾರಣ.

ಇಂಥ ವಾಹನ ಇಟ್ಟುಕೊಂಡವರು ಪದೇ ಪದೇ ಕೇಳುವ ಪ್ರಶ್ನೆ, “ಇದಕ್ಕೆ ಯಾವ ಆಯಿಲ್ ಹಾಕಬೇಕು?” ಎಂಬುದು. ಅದಕ್ಕೆ ಸಿಗುವ ಉತ್ತರ ಎರಡು ಬಗೆ. “ಇಂಜಿನ್ ಹಳತಾಯಿತು, ಮಂದ ಆಯಿಲ್ ಹಾಕಿ” ಎನ್ನುವವರು ಕೆಲವರು. “ಎಲ್ಲಕ್ಕಿಂತ ದುಬಾರಿ ಆಯಿಲ್ ಹಾಕಿ, ಯೋಚನೆಯೇ ಬೇಡ” ಎನ್ನುವವರು ಇನ್ನು ಕೆಲವರು. ಎರಡನ್ನೂ ಪೂರ್ತಿ ನಂಬಬಾರದು. ಮೊದಲನೆಯದನ್ನು ನಂಬಿ ನಾನು ಕೆಟ್ಟ ಕಥೆಯನ್ನು ಹೇಳಿ ಮುಂದುವರಿಯುತ್ತೇನೆ.

2008ರ ಮಳೆಗಾಲದಲ್ಲಿ ನಮ್ಮ ಮನೆಯ ಪೆಟ್ರೋಲ್ ಅಂಬಾಸಡರ್ ನೀಲಿ ಹೊಗೆ ಬಿಡಲಾರಂಭಿಸಿತು. ಪೇಟೆಯ ಗ್ಯಾರೇಜೊಂದರಲ್ಲಿ ಮಂದ ಆಯಿಲಿನ ಸಲಹೆ ದೊರೆಯಿತು. ಮನೆಯಲ್ಲಿ ಪಂಪ್‌ಸೆಟ್ಟಿಗೆಂದು ತಂದ ಆಯಿಲ್ ಇತ್ತು. ಅದನ್ನೇ ಹಾಕಿದೆ, ಜೊತೆಗೆ ಆಯಿಲನ್ನು ಮಂದ ಮಾಡುವ ಔಷಧಿಯ ಡಬ್ಬಿಯೊಂದನ್ನೂ ಸುರಿದೆ. ಹೊಗೆ ಕಡಿಮೆಯಾಯಿತು. ಆಯಿಲ್ ಇಳಿದಾಗಲೆಲ್ಲ ಮೇಲಿಂದ ಹೊಯ್ಯುತ್ತಿದ್ದೆನಾದ್ದರಿಂದ, ಹಳೆಯ ಆಯಿಲನ್ನು ಇಳಿಸಿ ಬದಲಾಯಿಸುವ ಗೋಜಿಗೇ ಹೋಗಲಿಲ್ಲ.

ಮರುವರ್ಷ ಆಷಾಢದ ಒಂದು ಬೆಳಗ್ಗೆ ತಾಯಿಯವರಿಗೆ ಉಸಿರಾಟದ ತೊಂದರೆಯಾಗಿ ಮಂಗಳೂರಿಗೆ ಹೊರಟೆವು. ಚಾರ್ಮಾಡಿ ಘಾಟಿ ಇಳಿದು ಉಜಿರೆ ದಾಟುವಷ್ಟರಲ್ಲಿ ಆಯಿಲಿನ ಕೆಂಪು ದೀಪ ಮಿಣುಕಿತು. ಮುಂದಿನ ಊರಿನವರೆಗೆ ಹೋಗಿಬಿಡೋಣವೆಂದು ಓಡಿಸಿದೆ. ಎರಡು ಕಿಲೋಮೀಟರಿನೊಳಗೆ ಇಂಜಿನ್ನಿನಿಂದ ಸುತ್ತಿಗೆಯಲ್ಲಿ ಬಡಿದಂಥ ಸದ್ದು ಬಂದು ಕಾರು ನಿಂತಿತು. ಸುರಿಯುವ ಮಳೆಯಲ್ಲಿ ಪುಣ್ಯಾತ್ಮರೊಬ್ಬರು ತಮ್ಮ ಜೀಪಿನಲ್ಲಿ ತಾಯಿಯವರನ್ನು ಆಸ್ಪತ್ರೆಗೆ ತಲುಪಿಸಿದರು. ದೇವರ ದಯೆಯಿಂದ ಅಪಾಯವಾಗಲಿಲ್ಲ. ಇಂಜಿನ್ ಬಿಚ್ಚಿದಾಗ ಆಯಿಲ್ ಚೇಂಬರಿನ ತಳದಲ್ಲಿ ಜೋನಿಬೆಲ್ಲದಂಥ ಕಪ್ಪು ರಾಡಿ ಬೆರಳುದ್ದ ಕೂತಿತ್ತು. ಆಯಿಲನ್ನು ಹೀರುವ ಜಾಲರಿ ಅದರಿಂದ ಕಟ್ಟಿಹೋಗಿ ಬೇರಿಂಗುಗಳು ಒಣಗಿ ಸುಟ್ಟಿದ್ದವು. ಆ ವರ್ಷದ ಕಾಳುಮೆಣಸಿನ ಹಣ ಅದರ ರಿಪೇರಿಗೆ ಹೋಯಿತು. ತಪ್ಪು ಸಲಹೆ ಕೊಟ್ಟವರದು ಅರ್ಧವಾದರೆ, ಒಂದು ವರ್ಷ ಆಯಿಲ್ ಬದಲಾಯಿಸದ, ದೀಪ ಕಂಡರೂ ನಿಲ್ಲಿಸದ ನನ್ನದು ಇನ್ನರ್ಧ.

ಡಬ್ಬದ ಮೇಲಿನ ಅಂಕಿಗಳ ಅರ್ಥ

ಡಬ್ಬದ ಮೇಲೆ 20ಡಬ್ಲ್ಯು-50, 15ಡಬ್ಲ್ಯು-40 ಎಂದು ಮುದ್ರಿಸಿರುತ್ತಾರೆ. ಇದು ಎಸ್.ಎ.ಇ. ಎಂಬ ಅಮೆರಿಕದ ಇಂಜಿನಿಯರುಗಳ ಸಂಸ್ಥೆಯ ಅಳತೆ. ಆಯಿಲ್ ಎಷ್ಟು ಮಂದ, ಎಷ್ಟು ತೆಳು ಎಂಬುದನ್ನಷ್ಟೇ ಇದು ಹೇಳುತ್ತದೆ; ಗುಣಮಟ್ಟವನ್ನು ಹೇಳುವುದಿಲ್ಲ. ಹಿಂದಿನ ಅಂಕಿ, ಅಂದರೆ 40 ಅಥವಾ 50, ಆಯಿಲ್ 100 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ಎಷ್ಟು ಮಂದವಾಗಿ ಉಳಿಯುತ್ತದೆ ಎಂಬುದರ ಸೂಚನೆ. ಅಂಕಿ ಹೆಚ್ಚಿದಷ್ಟೂ ಮಂದ. ಮುಂದಿನ ಅಂಕಿ ಮತ್ತು ಡಬ್ಲ್ಯು ಅಕ್ಷರ ಚಳಿಗಾಲಕ್ಕೆ ಸಂಬಂಧಿಸಿದ್ದು. 20ಡಬ್ಲ್ಯು ಆಯಿಲನ್ನು ಸೊನ್ನೆಗಿಂತ 15 ಡಿಗ್ರಿ ಕೆಳಗಿನ ಚಳಿಯಲ್ಲಿಯೂ, 15ಡಬ್ಲ್ಯು ಆಯಿಲನ್ನು 20 ಡಿಗ್ರಿ ಕೆಳಗಿನ ಚಳಿಯಲ್ಲಿಯೂ ಪರೀಕ್ಷಿಸಿರುತ್ತಾರೆ. ನಮ್ಮ ಕೊಡಗಿನಲ್ಲಾಗಲಿ ಚಿಕ್ಕಮಗಳೂರಿನಲ್ಲಾಗಲಿ ಅಂಥ ಚಳಿ ಕಂಡವರಿಲ್ಲ. ಆದ್ದರಿಂದ ಹಳೆಯ ಗಾಡಿಗೆ 0ಡಬ್ಲ್ಯು, 5ಡಬ್ಲ್ಯು ಎಂಬ ಅಂಕಿಗಳಿಗಾಗಿ ಹೆಚ್ಚು ಹಣ ಕೊಡಬೇಕಾದ ಅಗತ್ಯವಿಲ್ಲ.

ಇಂಜಿನ್ನಿನೊಳಗೆ ಶಾಫ್ಟು ಮತ್ತು ಬೇರಿಂಗುಗಳ ನಡುವೆ ಕೂದಲೆಳೆಗಿಂತಲೂ ಕಡಿಮೆ ಅಂತರವಿರುತ್ತದೆ. ಅಲ್ಲಿ ಆಯಿಲಿನ ಪೊರೆ ನಿಂತಿರುವವರೆಗೆ ಲೋಹಕ್ಕೆ ಲೋಹ ತಾಗುವುದಿಲ್ಲ. ಹಳೆಯ ಇಂಜಿನ್ನುಗಳಲ್ಲಿ ಈ ಅಂತರ ಈಗಿನವುಗಳಿಗಿಂತ ಹೆಚ್ಚು. ಹೊಸ ಕಾರುಗಳಿಗೆಂದು ಮಾಡಿದ 0ಡಬ್ಲ್ಯು-20ರಂಥ ತೆಳು ಆಯಿಲ್ ಅಲ್ಲಿ ನಿಲ್ಲದೆ ಹರಿದುಹೋಗುತ್ತದೆ, ಒತ್ತಡ ಬೀಳುತ್ತದೆ. ಹಾಗೆಂದು ಮಿತಿಮೀರಿ ಮಂದವಾದರೆ, ಬೆಳಗಿನ ತಂಪಿನಲ್ಲಿ ಇಂಜಿನ್ ಚಾಲೂ ಮಾಡಿದಾಗ ಮೇಲಿನ ಭಾಗಗಳಿಗೆ ಅದು ತಲುಪುವುದು ತಡವಾಗುತ್ತದೆ. ಆ ಕೆಲವು ಕ್ಷಣಗಳಲ್ಲಿಯೇ ಸವೆತ ಹೆಚ್ಚು. ಒಂದು ಶೇಕಡಾ ಬೋರ್ಡೋ ದ್ರಾವಣಕ್ಕೆ ಬದಲು ಮೂರು ಶೇಕಡಾ ಹೊಡೆದರೆ ಮೂರು ಪಟ್ಟು ಅಡಿಕೆ ಉಳಿಯುವುದಿಲ್ಲವಷ್ಟೆ? ಇದೂ ಹಾಗೆಯೇ.

ಗೇರ್ ಆಯಿಲಿನ ಡಬ್ಬದ ಮೇಲೆ 90 ಎಂದಿರುವುದನ್ನು ನೋಡಿ, ಅದು ಬಹಳ ಮಂದವೆಂದು ಭಾವಿಸಿ ಸವೆದ ಇಂಜಿನ್ನಿಗೆ ಹಾಕಿದವರನ್ನೂ ಬಲ್ಲೆ. ಗೇರ್ ಆಯಿಲಿನ ಅಳತೆಗೋಲೇ ಬೇರೆ. ಅದರ 90 ಎಂದರೆ ಹೆಚ್ಚುಕಡಿಮೆ ಇಂಜಿನ್ ಆಯಿಲಿನ 40 ಅಥವಾ 50ಕ್ಕೆ ಸಮ. ಅದರಲ್ಲಿ ಇಂಜಿನ್ನಿನ ಮಸಿಯನ್ನು ತೊಳೆಯುವ ಗುಣವೂ ಇಲ್ಲ.

ಅಕ್ಷರಗಳ ಅರ್ಥ

ಗುಣಮಟ್ಟವನ್ನು ಹೇಳುವುದು ಎ.ಪಿ.ಐ. ಎಂಬ ಗುರುತಿನ ಮುಂದಿರುವ ಅಕ್ಷರಗಳು. ‘ಎಸ್’ನಿಂದ ಆರಂಭವಾದರೆ ಪೆಟ್ರೋಲ್ ಇಂಜಿನ್ನಿಗೆ, ‘ಸಿ’ಯಿಂದ ಆರಂಭವಾದರೆ ಡೀಸೆಲ್ ಇಂಜಿನ್ನಿಗೆ. ಎರಡನೆಯ ಅಕ್ಷರ ಮುಂದೆ ಹೋದಷ್ಟೂ ಹೊಸ ದರ್ಜೆ. ಎಸ್‌ಎಫ್ ಎಂಬುದು 1980ರ ದಶಕದ್ದು, ಎಸ್‌ಎಲ್ 2001ರದ್ದು, ಎಸ್‌ಪಿ 2020ರದ್ದು.

ಸಾಮಾನ್ಯವಾಗಿ ಹೊಸ ದರ್ಜೆ ಹಳೆಯದಕ್ಕಿಂತ ಮೇಲು. ಆದರೆ ಹಳೆಯ ಕಾರಿನವರು ಒಂದು ವಿಷಯವನ್ನು ಗಮನಿಸತಕ್ಕದ್ದು. ಕ್ಯಾಮ್ ಶಾಫ್ಟು ಮತ್ತು ಟ್ಯಾಪೆಟ್ಟುಗಳು ಒಂದರ ಮೇಲೊಂದು ಉಜ್ಜುವ ಜಾಗದಲ್ಲಿ ಸವೆತ ತಡೆಯಲು ಆಯಿಲಿಗೆ ಸತು ಮತ್ತು ರಂಜಕದ ಸಂಯುಕ್ತವೊಂದನ್ನು ಸೇರಿಸುತ್ತಾರೆ. ಹೊಸ ಕಾರುಗಳ ಹೊಗೆ ಶುದ್ಧಿ ಮಾಡುವ ಸಾಧನಕ್ಕೆ ರಂಜಕ ಹಾನಿಕರವಾದ್ದರಿಂದ, 2004ರಲ್ಲಿ ಬಂದ ಎಸ್‌ಎಂ ದರ್ಜೆಯಿಂದ 5ಡಬ್ಲ್ಯು-30, 10ಡಬ್ಲ್ಯು-30ರಂಥ ತೆಳು ಆಯಿಲುಗಳಲ್ಲಿ ಅದನ್ನು ಶೇಕಡಾ 0.08ಕ್ಕೆ ಮಿತಿಗೊಳಿಸಿದರು. ಅಂಬಾಸಡರ್, ಪದ್ಮಿನಿಗಳ ಹಳೆಯ ಮಾದರಿಯ ಇಂಜಿನ್ನಿಗೆ ಈ ಸಂಯುಕ್ತ ಬೇಕೇ ಬೇಕು. ಸಮಾಧಾನದ ಸಂಗತಿಯೆಂದರೆ 20ಡಬ್ಲ್ಯು-50 ಆಯಿಲಿಗೆ ಆ ಮಿತಿ ಅನ್ವಯಿಸುವುದಿಲ್ಲ. ಹಳೆಯ ಗಾಡಿಗೆ ಹಳೆಯ ದರ್ಜೆಯ ಮಂದತೆಯೇ ಹೊಂದುವುದಕ್ಕೆ ಇದೂ ಒಂದು ಕಾರಣ.

ಯಾವ ಗಾಡಿಗೆ ಯಾವುದು?

ಕೈಪಿಡಿ ಇದ್ದರೆ ಅದು ಹೇಳಿದ್ದೇ ಪ್ರಮಾಣ. ಕೈಪಿಡಿ ಗೆದ್ದಲಿಗೆ ಹೋಗಿದ್ದರೆ ಈ ಕೆಳಗಿನ ಕ್ರಮ ಅನುಸರಿಸಬಹುದು.

1489 ಸಿ.ಸಿ.ಯ ಪೆಟ್ರೋಲ್ ಅಂಬಾಸಡರ್, ಪದ್ಮಿನಿ ಮತ್ತು ಹಳೆಯ ಪೆಟ್ರೋಲ್ ಜೀಪುಗಳಿಗೆ ಸಾಧಾರಣ ಖನಿಜ ಮೂಲದ 20ಡಬ್ಲ್ಯು-50 ಸಾಕು. ಸಿಂಥೆಟಿಕ್ ಬೇಕಿಲ್ಲ. ಅದರಿಂದ ಕೇಡೇನೂ ಇಲ್ಲವಾದರೂ, ಸವೆದ ಸೀಲುಗಳಿಂದ ಸೋರಿಹೋಗುವ ಆಯಿಲಿಗೆ ಅಷ್ಟು ಹಣ ತೆರುವುದು ಜಾಣತನವಲ್ಲ.

ಟರ್ಬೊ ಇಲ್ಲದ ಹಳೆಯ ಡೀಸೆಲ್ ಜೀಪು ಮತ್ತು ಕಾರುಗಳಿಗೆ 15ಡಬ್ಲ್ಯು-40 ಡೀಸೆಲ್ ಆಯಿಲ್, ಸಿಎಚ್-4 ಅಥವಾ ಸಿಐ-4 ದರ್ಜೆಯದು. ಡೀಸೆಲ್ ಆಯಿಲ್ ಎರಡು ದಿನಕ್ಕೆ ಕಪ್ಪಾದರೆ ಗಾಬರಿ ಬೇಡ; ಮಸಿಯನ್ನು ತನ್ನೊಳಗೆ ತೇಲಿಸಿ ಇಟ್ಟುಕೊಳ್ಳುವುದೇ ಅದರ ಕೆಲಸ.

ಮಾರುತಿ 800, ಓಮ್ನಿ ಮುಂತಾದ ಇಂಜಿನ್ನುಗಳಲ್ಲಿ ಅಂತರಗಳು ಕಿರಿದು. ವಯಸ್ಸಾಯಿತೆಂಬ ಒಂದೇ ಕಾರಣಕ್ಕೆ ಇವುಗಳನ್ನು 50ಕ್ಕೆ ಏರಿಸಬಾರದು. ಆ ವರ್ಷದ ಮಾದರಿಗೆ ಕಂಪೆನಿ ಹೇಳಿದ ದರ್ಜೆಯನ್ನೇ ಕೇಳಿ ತಿಳಿದು ಹಾಕತಕ್ಕದ್ದು.

ಪಂಪ್‌ಸೆಟ್ಟಿನ ಆಯಿಲನ್ನು, ಕಳೆ ಕತ್ತರಿಸುವ ಯಂತ್ರದ ಪೆಟ್ರೋಲಿಗೆ ಬೆರೆಸುವ 2ಟಿ ಆಯಿಲನ್ನು ಕಾರಿಗೆ ಹಾಕಲೇಬಾರದು. ಡಬ್ಬಗಳ ಮೇಲೆ ಬಣ್ಣದಲ್ಲಿ ದೊಡ್ಡದಾಗಿ ಬರೆದಿಟ್ಟರೆ ಕೆಲಸದವರು ತಪ್ಪುವುದಿಲ್ಲ.

ವರ್ಷಗಟ್ಟಲೆ ಆಯಿಲ್ ಬದಲಾಯಿಸದ ಗಾಡಿಯನ್ನು ಕೊಂಡವರು ಇನ್ನೊಂದು ಎಚ್ಚರ ವಹಿಸಬೇಕು. ಹೊಸ ಆಯಿಲ್ ಹಳೆಯ ರಾಡಿಯನ್ನು ಸಡಿಲಿಸುತ್ತದೆ. ಆದ್ದರಿಂದ ಮೊದಲ ಬಾರಿ 500ರಿಂದ 1000 ಕಿಲೋಮೀಟರಿನೊಳಗೇ ಆಯಿಲನ್ನೂ ಫಿಲ್ಟರನ್ನೂ ಮತ್ತೊಮ್ಮೆ ಬದಲಾಯಿಸಬೇಕು.

ನಮ್ಮ ಗಾಡಿಗಳ ನಿಜವಾದ ಶತ್ರು

ಯಾವ ಆಯಿಲ್ ಎಂಬುದಕ್ಕಿಂತ ಅದು ಎಷ್ಟು ದಿನ ಒಳಗಿದೆ ಎಂಬುದೇ ನಮ್ಮಲ್ಲಿ ಮುಖ್ಯ. ಒಂದು ಲೀಟರ್ ಪೆಟ್ರೋಲ್ ಉರಿದಾಗ ಸುಮಾರು ಒಂದು ಲೀಟರಿನಷ್ಟೇ ನೀರು ಆವಿಯಾಗಿ ಹುಟ್ಟುತ್ತದೆ. ಬಹುಪಾಲು ಹೊಗೆ ಕೊಳವೆಯಿಂದ ಹೊರಹೋದರೂ, ಸವೆದ ರಿಂಗುಗಳ ಸಂದಿನಿಂದ ಸ್ವಲ್ಪ ಆಯಿಲಿಗೆ ಇಳಿಯುತ್ತದೆ. ದೂರದ ಪ್ರಯಾಣದಲ್ಲಿ ಆಯಿಲ್ ಚೆನ್ನಾಗಿ ಕಾದು ಈ ನೀರು ಆರಿಹೋಗುತ್ತದೆ. ತೋಟದಿಂದ ಡೈರಿಗೆ, ಅಲ್ಲಿಂದ ಸೊಸೈಟಿಗೆ, ಮತ್ತೆ ಮನೆಗೆ ಎಂದು ಮೂರು ನಾಲ್ಕು ಕಿಲೋಮೀಟರ್ ಓಡುವ ಗಾಡಿಯಲ್ಲಿ ಅದು ಆರುವುದೇ ಇಲ್ಲ. ಆಯಿಲ್ ಹೊಯ್ಯುವ ಮುಚ್ಚಳದ ಒಳಬದಿಯಲ್ಲಿ ಬೆಣ್ಣೆಯಂಥ ಬಿಳಿ ಪದರ ಕಂಡರೆ ಅದರ ಗುರುತೆಂದು ತಿಳಿಯಿರಿ. ನನ್ನ ಕಾರಿನ ರಾಡಿಯೂ ಹೀಗೆಯೇ ಕಟ್ಟಿದ್ದು.

ಆದ್ದರಿಂದ ಕಿಲೋಮೀಟರ್ ಆಗಿಲ್ಲವೆಂದು ಕಾಯಬಾರದು. 5000 ಕಿಲೋಮೀಟರ್ ಅಥವಾ ಆರು ತಿಂಗಳು, ಯಾವುದು ಮೊದಲೋ ಅದು. ನೆನಪಿಗೆ ಸುಲಭವಾದ ಲೆಕ್ಕ ಹೇಳುತ್ತೇನೆ. ಅಡಿಕೆಗೆ ಮೊದಲ ಬೋರ್ಡೋ ಹೊಡೆಯುವಾಗ ಒಮ್ಮೆ, ಕಾಫಿ ಕೊಯ್ಲಿಗೆ ಕೈಹಾಕುವ ಮುನ್ನ ಇನ್ನೊಮ್ಮೆ. ಮಳೆಗಾಲದಲ್ಲಿ ವಾರಕ್ಕೊಮ್ಮೆಯಾದರೂ 20-25 ಕಿಲೋಮೀಟರ್ ಒಂದೇ ಸಮನೆ ಓಡಿಸಿ ಇಂಜಿನ್ನನ್ನು ಕಾಯಿಸಿರಿ.

ಅಳತೆಕಡ್ಡಿ ಹೇಳುವ ಮಾತು

ವಾರಕ್ಕೊಮ್ಮೆ ಬೆಳಗ್ಗೆ, ಚಾಲೂ ಮಾಡುವ ಮೊದಲು, ಸಮತಟ್ಟಾದ ಜಾಗದಲ್ಲಿ ಡಿಪ್‌ಸ್ಟಿಕ್ ಎಳೆದು ಒರೆಸಿ ಮತ್ತೆ ಅದ್ದಿ ನೋಡಿರಿ. ಎರಡು ಗೀಟುಗಳ ನಡುವೆ ಇದ್ದರೆ ಸರಿ. ಮೇಲಿನ ಗೀಟನ್ನು ಮೀರಿ ತುಂಬಿದರೆ ತಿರುಗುವ ಶಾಫ್ಟು ಆಯಿಲನ್ನು ಕಡೆದು ನೊರೆ ಮಾಡುತ್ತದೆ.

ನೀವು ಹೊಯ್ಯದೆಯೇ ಮಟ್ಟ ಏರಿದ್ದರೆ ಸಂತೋಷಪಡಬೇಡಿ. ಪೆಟ್ರೋಲ್ ಅಥವಾ ನೀರು ಒಳಗೆ ಸೇರುತ್ತಿದೆ ಎಂದು ಅರ್ಥ. ಈಗಿನ ಪೆಟ್ರೋಲಿನಲ್ಲಿ ಶೇಕಡಾ 20ರವರೆಗೆ ಎಥನಾಲ್ ಇರುವುದರಿಂದ ಹಳೆಯ ಪೆಟ್ರೋಲ್ ಪಂಪುಗಳ ರಬ್ಬರ್ ಪರದೆ ಬೇಗ ಕೆಡುತ್ತದೆ; ಕೆಲವು ಕಾರುಗಳಲ್ಲಿ ಆ ಪೆಟ್ರೋಲ್ ನೇರವಾಗಿ ಚೇಂಬರಿಗೆ ಸೋರುತ್ತದೆ. ಕಡ್ಡಿಯ ವಾಸನೆ ನೋಡಿದರೆ ಗೊತ್ತಾಗುತ್ತದೆ. ಆಯಿಲ್ ಪೂರ್ತಿ ಹಾಲುಕಾಫಿಯ ಬಣ್ಣಕ್ಕೆ ತಿರುಗಿದ್ದರೆ ಹೆಡ್ ಗ್ಯಾಸ್ಕೆಟ್ ಹೋಗಿ ರೇಡಿಯೇಟರಿನ ನೀರು ಸೇರಿರಬಹುದು. ಎರಡರಲ್ಲಿಯೂ ಗಾಡಿ ಓಡಿಸದೆ ಮೆಕ್ಯಾನಿಕ್ಕನ್ನು ಕರೆಸಿರಿ.

ಇನ್ನು ನೀಲಿ ಹೊಗೆಯ ಮಾತು. ಬೆಳಗ್ಗೆ ಚಾಲೂ ಮಾಡಿದಾಗ ಮಾತ್ರ, ಅಥವಾ ಘಾಟಿ ಇಳಿದು ಮತ್ತೆ ಆಕ್ಸಿಲರೇಟರ್ ತುಳಿದಾಗ ಬಂದರೆ ವಾಲ್ವುಗಳ ಸೀಲು ಮತ್ತು ಗೈಡುಗಳನ್ನು ನೋಡಿಸಬೇಕು. ಏರು ಹತ್ತುವಾಗ ಒಂದೇ ಸಮನೆ ಬಂದರೆ ರಿಂಗು ಮತ್ತು ಬೋರು ಸವೆದಿದೆ. ಯಾವ ಆಯಿಲೂ ಸವೆದ ಲೋಹವನ್ನು ತುಂಬಿಕೊಡಲಾರದು. ಮಂದ ಆಯಿಲ್ ಹೊಗೆಯನ್ನು ಮರೆಮಾಡುತ್ತದೆ, ರೋಗವನ್ನಲ್ಲ. ಕೊಳೆ ಹತ್ತಿದ ಮೇಲೆ ಬೋರ್ಡೋ ಹೊಡೆದಂತೆ.

ಕರಿ ಆಯಿಲಿನ ವಿಲೇವಾರಿ

ಇಳಿಸಿದ ಕರಿ ಆಯಿಲನ್ನು ಬೇಲಿಕಂಬಕ್ಕೆ ಬಳಿಯುವುದು, ಅಡಿಕೆ ಬೇಯಿಸುವ ಒಲೆಗೆ ಸುರಿಯುವುದು ನಮ್ಮಲ್ಲಿ ರೂಢಿ. ಇದು ತಪ್ಪು. ಸವೆದ ಲೋಹದ ಪುಡಿ, ಸುಟ್ಟ ಇಂಧನದ ವಿಷ ಎಲ್ಲವೂ ಅದರಲ್ಲಿರುತ್ತದೆ. ಮಳೆಯಲ್ಲಿ ತೊಳೆದು ಕೆರೆ ಬಾವಿಗೆ ಸೇರುತ್ತದೆ. 2016ರ ಕೇಂದ್ರ ಸರಕಾರದ ನಿಯಮಗಳ ಪ್ರಕಾರ ಇದು ಅಪಾಯಕಾರಿ ತ್ಯಾಜ್ಯ. ಮುಚ್ಚಳವಿರುವ ಕ್ಯಾನಿನಲ್ಲಿ ಶೇಖರಿಸಿ, ಅಧಿಕೃತ ಮರುಶುದ್ಧಿ ಘಟಕಕ್ಕೆ ಕಳುಹಿಸುವ ಗ್ಯಾರೇಜಿಗೆ ಒಪ್ಪಿಸಿರಿ. ಹೊಸದಾಗಲಿ ಹಳೆಯದಾಗಲಿ, ಆಯಿಲನ್ನು ಕಾಫಿ ದಾಸ್ತಾನಿನ ಕೋಣೆಯಲ್ಲಿ ಇಡಬಾರದು. ಕಾಫಿ ಬೀಜ ಬೇರೆ ವಾಸನೆಯನ್ನು ಬೇಗ ಹೀರಿಕೊಳ್ಳುತ್ತದೆ.

ಸದಸ್ಯರು ನೆನಪಿಡಬೇಕಾದುದು

1. ಸೀಲು ಒಡೆಯದ ಡಬ್ಬವನ್ನೇ ಬಿಲ್ಲಿನೊಡನೆ ಕೊಳ್ಳಿರಿ. ಖಾಲಿ ಡಬ್ಬಕ್ಕೆ ತೂತು ಹೊಡೆದು ಎಸೆಯಿರಿ. ಇಲ್ಲವಾದರೆ ಅದರಲ್ಲಿಯೇ ನಕಲಿ ಆಯಿಲ್ ಮರಳಿ ಬಂದೀತು.

2. ಇಂಜಿನ್ ಬೆಚ್ಚಗಿರುವಾಗ ಹಳೆಯದನ್ನು ಪೂರ್ತಿ ಇಳಿಸಿರಿ. ಪ್ರತಿ ಸಲವೂ ಫಿಲ್ಟರ್ ಮತ್ತು ಡ್ರೈನ್ ಬೋಲ್ಟಿನ ವಾಷರ್ ಹೊಸದಿರಲಿ.

3. ಮೇಲಿಂದ ಹೊಯ್ದದ್ದು ಬದಲಾಯಿಸಿದಂತೆ ಆಗುವುದಿಲ್ಲ. ತಾರೀಕು ಮತ್ತು ಕಿಲೋಮೀಟರನ್ನು ತೋಟದ ಲೆಕ್ಕದ ಪುಸ್ತಕದಲ್ಲಿಯೇ ಬರೆದಿಡಿರಿ.

4. ಓಡುವಾಗ ಆಯಿಲಿನ ಕೆಂಪು ದೀಪ ಹೊತ್ತಿದರೆ ಅದೇ ಜಾಗದಲ್ಲಿ ಬದಿಗೆ ನಿಲ್ಲಿಸಿ ಇಂಜಿನ್ ಆರಿಸಿರಿ. ಮುಂದಿನ ಊರಿನವರೆಗೆ ಎಂಬ ಆಸೆ ಬೇಡ.

ಆಯಿಲ್ ಬದಲಾಯಿಸುವ ಖರ್ಚು ತೋಟದ ಒಂದೆರಡು ಆಳಿನ ಕೂಲಿಯಷ್ಟು. ಅದನ್ನು ಉಳಿಸಲು ಹೋಗಿ ನಾನು ಸುರಿಯುವ ಮಳೆಯಲ್ಲಿ, ಉಸಿರಿಗೆ ಕಷ್ಟಪಡುತ್ತಿದ್ದ ತಾಯಿಯ ಪಕ್ಕದಲ್ಲಿ, ಬರುವ ಗಾಡಿಗಳಿಗೆಲ್ಲ ಕೈ ಅಡ್ಡ ಹಿಡಿಯುತ್ತಾ ನಿಂತೆ. ನಮ್ಮ ಸದಸ್ಯರಲ್ಲಿ ಯಾರಿಗೂ ಆ ಪಾಡು ಬಾರದಿರಲಿ.