ಹಗೇವಿನ ದೀಪ, ಗೋಬರ್ ಗುಂಡಿಯ ಕಿಡಿ

ನರಗುಂದ ತಾಲ್ಲೂಕಿನ ಶಿರೋಳ ರೊಟ್ಟಿ ಜಾತ್ರೆಗೆ ಹೆಸರಾದ ಊರು. ರೊಟ್ಟಿಯ ಜೋಳವನ್ನು ಈ ಸೀಮೆಯ ರೈತರು ಹಿಂದೆ ನೆಲದೊಳಗಿನ ಹಗೇವಿನಲ್ಲಿ ಕಾಪಿಡುತ್ತಿದ್ದರು. ಹಗೇವಿನ ಬಾಯಿ ತೆಗೆದ ಕೂಡಲೇ ಯಾರೂ ಒಳಗಿಳಿಯುತ್ತಿರಲಿಲ್ಲ. ಗಾಳಿಯಾಡಲು ಬಿಟ್ಟು, ಬಳಿಕ ಹಗ್ಗಕ್ಕೆ ಕಟ್ಟಿದ ದೀಪ ಇಳಿಬಿಡುತ್ತಿದ್ದರು. ದೀಪ ಆರಿದರೆ ಇಳಿಯುವಂತಿಲ್ಲ.

ಕಾರಣ ಸರಳ. ಕಾಳೂ ಉಸಿರಾಡುತ್ತದೆ. ಮುಚ್ಚಿದ ಗುಂಡಿಯಲ್ಲಿ ಆಮ್ಲಜನಕ ತೀರಿ ಇಂಗಾಲದ ಡೈಆಕ್ಸೈಡ್ ತುಂಬುತ್ತದೆ. ಗಾಳಿಯಲ್ಲಿ ಶೇ. 21ರಷ್ಟಿರುವ ಆಮ್ಲಜನಕ ಶೇ. 16ರ ಸುಮಾರಿಗೆ ಇಳಿದರೆ ದೀಪ ನಂದುತ್ತದೆ.

ಇದೇ ಜಾಣತನವನ್ನು ಗೋಬರ್ ಗ್ಯಾಸ್ ಗುಂಡಿಗೋ ಒಳಚರಂಡಿಗೋ ಒಯ್ದರೆ ಅನಾಹುತವಾದೀತು. ಅಲ್ಲಿರುವುದು ಉರಿಯುವ ಅನಿಲ ಮಿಥೇನ್. ಗಾಳಿಯಲ್ಲಿ ಅದು ಶೇ. 5ರಿಂದ 15ರಷ್ಟು ಬೆರೆತಾಗ ಒಂದು ಕಿಡಿಗೇ ಸಿಡಿಯುತ್ತದೆ. ಶೇ. 15ಕ್ಕಿಂತ ಹೆಚ್ಚಿದ್ದರೆ ಹೊತ್ತಿಕೊಳ್ಳುವುದಿಲ್ಲ, ನಿಜ. ಆದರೆ ಮುಚ್ಚಳ ತೆಗೆದೊಡನೆ ಹೊರಗಿನ ಗಾಳಿ ನುಗ್ಗಿ, ಮಿಶ್ರಣ ಅಪಾಯದ ಮಟ್ಟಕ್ಕೇ ಬರುತ್ತದೆ.

ಕಲ್ಲಿದ್ದಲ ಗಣಿಗಳು ಈ ಪಾಠವನ್ನು ರಕ್ತ ಕೊಟ್ಟು ಕಲಿತವು. 1812ರಲ್ಲಿ ಇಂಗ್ಲೆಂಡಿನ ಫೆಲ್ಲಿಂಗ್ ಗಣಿಯ ಸ್ಫೋಟದಲ್ಲಿ 92 ಮಂದಿ ಸತ್ತರು. 1815ರಲ್ಲಿ ಹಂಫ್ರಿ ಡೇವಿ ದೀಪದ ಜ್ವಾಲೆಗೆ ಸಣ್ಣ ಕಣ್ಣಿನ ತಂತಿಬಲೆ ಹೊದಿಸಿದರು. ಬಲೆ ಶಾಖವನ್ನು ಹೀರಿಕೊಂಡು, ಉರಿ ಹೊರಗಿನ ಅನಿಲಕ್ಕೆ ದಾಟದಂತೆ ತಡೆಯಿತು. ಅನಿಲವಿದ್ದರೆ ಜ್ವಾಲೆಯ ಮೇಲೆ ನಸುನೀಲಿ ಟೋಪಿ ಕಾಣುತ್ತಿತ್ತು. ಆದರೂ ಬಲೆ ಹರಿದರೆ, ಗಾಳಿ ಬಿರುಸಾದರೆ ಉರಿ ದಾಟುತ್ತಿತ್ತು. ಸ್ಫೋಟಗಳು ನಿಲ್ಲಲಿಲ್ಲ. ದೀಪವನ್ನು ನಂಬಿ ಗಾಳಿಯಾಟವನ್ನು ಮರೆಯಬಾರದೆಂಬುದು ಆಗ ತಿಳಿಯಿತು.

ಅನಿಲ, ಗಾಳಿ, ಕಿಡಿ: ಮೂರೂ ಕೂಡಿದರೆ ಸ್ಫೋಟ. ಒಂದನ್ನು ತಪ್ಪಿಸಿದರೂ ಬಚಾವು. ಜಾಣರು ಒಂದನ್ನೇ ನೆಚ್ಚುವುದಿಲ್ಲ. ಮೊದಲು ಸೋರಿಕೆ ತಡೆಯಬೇಕು. ಬಳಿಕ ಗಾಳಿಯಾಡಿಸಬೇಕು. ಬೀಡಿ, ಬೆಂಕಿಕಡ್ಡಿ, ಕಿಡಿ ಹಾರಿಸುವ ಮೋಟರು ಹತ್ತಿರ ಸುಳಿಯಬಾರದು. ಒಳಗಿನ ಗಾಳಿಯನ್ನು ಅಳೆಯಲು ದೀಪವಲ್ಲ, ಅನಿಲಮಾಪಕ ಬೇಕು. ಒಳಗೆ ಬಿದ್ದವನನ್ನು ಎತ್ತಲು ಬರಿಗೈಯಲ್ಲಿ ಧುಮುಕುವುದೂ ಸಲ್ಲದು; ಒಂದರ ಹಿಂದೆ ಒಂದು ಸಾವು ಆಗುವುದೇ ಹಾಗೆ.

ಅಡಿಗೆಮನೆಯ ಸಿಲಿಂಡರ್ ಅನಿಲ ಗಾಳಿಗಿಂತ ಭಾರವಾದ್ದರಿಂದ ನೆಲದಲ್ಲಿ ಹರಡುತ್ತದೆ. ವಾಸನೆ ಬಂದರೆ ಕಿಟಕಿ ಬಾಗಿಲು ತೆರೆಯಿರಿ, ಸ್ವಿಚ್ ಮುಟ್ಟಬೇಡಿ.

ಹಿರಿಯರು ಹಗೇವಿಗೆ ದೀಪ ಇಳಿಸಿದ್ದು ಸರಿಯೇ. ಅವರಿಂದ ನಾವು ಕಲಿಯಬೇಕಾದ್ದು ದೀಪವನ್ನಲ್ಲ, ಇಳಿಯುವ ಮುನ್ನ ನಿಂತು ನೋಡುವ ತಾಳ್ಮೆಯನ್ನು.